ಸಿಸ್ಟರ್, ನಿಮ್ಮ ಅಭಿಪ್ರಾಯವೇನು?

(ಹೆಸರು, ಊರು ಮತ್ತು ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಶಾಲಿನಿಗೆ 31 ವರ್ಷ. ಕರಾವಳಿಯ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನರ್ಸ್. ಗಂಡ, ಅತ್ತೆ, ಮಾವ, ನಾಲ್ಕು ವರ್ಷದ ಮಗ ಇರುವ ಮನೆ. ಬ್ರಿಟನ್ನಿಗೆ ಹೋಗುವ ಸಿದ್ಧತೆ ನಡೆಸಿದ್ದರು. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನಲ್ಲಿ ನೋಂದಣಿಗೆ ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಓದು, ಆಲಿಸುವಿಕೆ, ಮಾತಿನಲ್ಲಿ ತಲಾ 7, ಬರವಣಿಗೆಯಲ್ಲಿ 6.5 ಬ್ಯಾಂಡ್ (ಅಲ್ಲಿ ಅಂಕಕ್ಕೆ ಹೇಳುವ ಹೆಸರು) ಬೇಕು. ಎರಡು ಸಲವೂ ಉಳಿದ ಮೂರನ್ನು ದಾಟಿ, ಬರವಣಿಗೆಯಲ್ಲಿ 6ಕ್ಕೇ ನಿಂತಿದ್ದರು. ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಬಂದಾಗ ಹೇಳಿಕೊಂಡ ತೊಂದರೆ ಮಾತ್ರ ನಿದ್ರಾಹೀನತೆ. ಪರೀಕ್ಷೆಯ ಮಾತು ಬಂದದ್ದು ಆಮೇಲೆ: "ನನ್ನ ತಲೆ ಇಷ್ಟೇ ಅನ್ನಿಸುತ್ತದೆ ಮೇಡಂ."

ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಆದರೂ ಮುಂದಿನ ಸಲ ಬರುವಾಗ ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಬರೆದ ಒಂದು ಪ್ರಬಂಧವನ್ನು ತರಲು ಹೇಳಿದೆ. ವೃದ್ಧರ ಆರೈಕೆ ಕುಟುಂಬದ ಹೊಣೆಯೋ ಸರ್ಕಾರದ ಹೊಣೆಯೋ, ಎರಡೂ ವಾದಗಳನ್ನು ಚರ್ಚಿಸಿ ನಿಮ್ಮ ಅಭಿಪ್ರಾಯ ಕೊಡಿ ಎಂಬ ಪ್ರಶ್ನೆ. ಮೊದಲ ಪ್ಯಾರಾ ಕೋಚಿಂಗ್ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ್ದು. ಯಾವ ವಿಷಯಕ್ಕಾದರೂ ಹೊಂದುವಂಥದ್ದು, ಹಾಗಾಗಿ ಯಾವುದಕ್ಕೂ ಹೊಂದದ್ದು. ನಡುವೆ ಎರಡು ಪ್ಯಾರಾ ಅಚ್ಚುಕಟ್ಟಾಗಿದ್ದವು. ಕೊನೆಯಲ್ಲಿ, ಎರಡಕ್ಕೂ ಅವುಗಳದೇ ಸಾಧಕ ಬಾಧಕಗಳಿವೆ ಎಂದು ಮುಗಿದಿತ್ತು. ಅಭಿಪ್ರಾಯ ಎಲ್ಲಿ ಎಂದು ಕೇಳಿದೆ. "ಯಾವುದಾದರೂ ಒಂದನ್ನು ಹೇಳಿದರೆ ತಪ್ಪಾಗುವುದಿಲ್ಲವೇ?" ಎಂದರು.

ಪರೀಕ್ಷಕರು ಅಳೆಯುವುದು ನಾಲ್ಕು ಸಂಗತಿಗಳನ್ನು: ಪ್ರಶ್ನೆಗೆ ಉತ್ತರ ಸಿಕ್ಕಿತೇ, ವಿಚಾರಗಳು ಒಂದಕ್ಕೊಂದು ಕೂಡಿಕೊಂಡಿವೆಯೇ, ಪದಸಂಪತ್ತು, ವ್ಯಾಕರಣ. ಯಾವ ಪಕ್ಷ ಹಿಡಿದಿರಿ ಎಂಬುದಕ್ಕೆ ಅಂಕವಿಲ್ಲ. ಪಕ್ಷ ಹಿಡಿದದ್ದು ಸ್ಪಷ್ಟವಾಗಿದೆಯೇ, ಅದಕ್ಕೆ ಕಾರಣ ಕೊಟ್ಟಿದ್ದೀರಾ ಎಂಬುದಕ್ಕೆ ಇದೆ. ಶಾಲಿನಿ ಹೊಸ ಪದಗಳ ಪಟ್ಟಿ ಉರುಹೊಡೆಯುತ್ತಿದ್ದರು. ಅವರಿಗೆ ಕೊರತೆಯಾಗಿದ್ದದ್ದು ಪದಗಳಲ್ಲ.

ಉಸಿರಾಟದ ಅಭ್ಯಾಸ ಹೇಳಿಕೊಡಲಿಲ್ಲವೆಂದಲ್ಲ. ಆದರೆ ಗಾಬರಿಯ ಬೇರು ಬೇರೆಡೆ ಇತ್ತು. ಮನೆಯಲ್ಲಿ ಯಾವ ತೀರ್ಮಾನಕ್ಕೂ ಇವರನ್ನು ಕೇಳುವ ರೂಢಿ ಇಲ್ಲ. ಬ್ರಿಟನ್ನಿಗೆ ಹೋಗಬೇಕೆಂಬುದೂ ಮೊದಲು ಮಾವನ ಬಾಯಿಂದಲೇ ಬಂದ ಮಾತು. ನಿಲುವು ಹೇಳುವುದೆಂದರೆ ಎದುರುತ್ತರ ಕೊಟ್ಟಂತೆ ಎಂದು ಮೈಗೂಡಿಸಿಕೊಂಡವರು, ಪರೀಕ್ಷೆಯ ಕೊಠಡಿಯಲ್ಲಿ ನಲವತ್ತು ನಿಮಿಷದ ಮಟ್ಟಿಗೆ ಬೇರೆ ಮನುಷ್ಯರಾಗಲು ಸಾಧ್ಯವೇ?

ಹಾಗಾದರೆ ರಾತ್ರಿ ಎರಡು ಗಂಟೆಗೆ ರೋಗಿಯ ಸ್ಥಿತಿ ಕೆಟ್ಟರೆ ಡಾಕ್ಟರಿಗೆ ಫೋನಿನಲ್ಲಿ ಏನು ಹೇಳುತ್ತೀರಿ ಎಂದು ಕೇಳಿದೆ. ತಡವರಿಸದೆ ಹೇಳಿದರು: "ಡಾಕ್ಟರ್, ಆರನೇ ಬೆಡ್. ಆಪರೇಷನ್ ಆಗಿ ಎರಡನೇ ದಿನ. ಉಸಿರಾಟ ನಿಮಿಷಕ್ಕೆ 28, ಆಕ್ಸಿಜನ್ ಸ್ಯಾಚುರೇಷನ್ 89ಕ್ಕೆ ಇಳಿದಿದೆ. ಶ್ವಾಸಕೋಶದ ತೊಂದರೆ ಇರಬಹುದು ಅನ್ನಿಸುತ್ತದೆ. ನೀವು ಈಗಲೇ ಬಂದು ನೋಡಬೇಕು." ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಶಿಫಾರಸು: ನರ್ಸ್‌ಗಳಿಗೆ ಕಲಿಸುವ ಎಸ್‌ಬಿಎಆರ್ ಕ್ರಮವೇ ಇದು. ಅಂದಾಜೂ ಅವರದೇ, ಶಿಫಾರಸೂ ಅವರದೇ. ಎದುರಿಗೆ ತಮಗಿಂತ ಮೇಲಿನವರಿದ್ದರೂ ಹೇಳಿದ್ದರು. ಅದನ್ನೇ ಬಿಳಿ ಹಾಳೆಯ ಮೇಲೆ ಬರೆದು ಅವರ ಮುಂದಿಟ್ಟೆ. ಬಹಳ ಹೊತ್ತು ನೋಡಿ, "ಇಲ್ಲಿ ನಾನು ಹೇಳದಿದ್ದರೆ ರೋಗಿ ಹೋಗುತ್ತಾನಲ್ಲ ಮೇಡಂ" ಎಂದರು.

ಕೊಟ್ಟ ಸಲಹೆ ಹೀಗಿತ್ತು. ಪ್ರಶ್ನೆ ಓದಿದ ಕೂಡಲೇ ಬರೆಯಬಾರದು. ಮೊದಲ ಐದು ನಿಮಿಷದಲ್ಲಿ ತಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ, ಬೇಕಾದರೆ ಕನ್ನಡದಲ್ಲೇ, ಗೀಚಿಕೊಳ್ಳಬೇಕು. ಆ ವಾಕ್ಯ ಪೀಠಿಕೆಯಲ್ಲೂ ಕೊನೆಯಲ್ಲೂ ಕಾಣಿಸಬೇಕು. ಪ್ರತಿ ಪ್ಯಾರಾಕ್ಕೆ ಒಂದೇ ಕಾರಣ, ಒಂದು ಉದಾಹರಣೆ. ಅದು ವಾರ್ಡಿನಲ್ಲಿ ಕಂಡದ್ದಾದರೂ ಆದೀತು. ಬಾಯಿಪಾಠದ ಪ್ಯಾರಾಗಳ ಕಟ್ಟನ್ನು ಮುಚ್ಚಿಡಬೇಕು. ಕಡೆಯ ಐದು ನಿಮಿಷ ತಿದ್ದುವುದಕ್ಕೆ. ಬೇಕಾಗಿರುವುದು ಕನಿಷ್ಠ 250 ಪದ. 400 ಬರೆದವರಿಗೆ ಬಹುಮಾನವಿಲ್ಲ, ತಪ್ಪುಗಳಿಗೆ ಜಾಗ ಮಾತ್ರ ಹೆಚ್ಚು.

ಇನ್ನೊಂದು ಲೆಕ್ಕವೂ ಇತ್ತು. ಬರವಣಿಗೆಯ ವಿಭಾಗದಲ್ಲಿ ಪ್ರಶ್ನೆ ಎರಡು, ಪ್ರಬಂಧ ಎರಡನೆಯದು. ಗ್ರಾಫನ್ನು ವಿವರಿಸುವ ಮೊದಲ ಪ್ರಶ್ನೆಗೆ ಅವರು ಅರ್ಧ ಗಂಟೆ ಸುರಿಯುತ್ತಿದ್ದರು, ಅಲ್ಲಿ ಅಭಿಪ್ರಾಯ ಕೇಳುವುದಿಲ್ಲವಲ್ಲ! ಒಟ್ಟು ಸಮಯ 60 ನಿಮಿಷ, ಪ್ರಬಂಧಕ್ಕೆ ಎರಡರಷ್ಟು ತೂಕ. ಮೊದಲನೆಯದಕ್ಕೆ 7, ಪ್ರಬಂಧಕ್ಕೆ 5.5 ಬಂದರೆ ಸರಾಸರಿ 6. ಪ್ರಬಂಧಕ್ಕೆ 7 ಬಂದು ಮೊದಲನೆಯದಕ್ಕೆ 5.5 ಬಂದರೂ 6.5. ಹಾಗಾಗಿ ಪ್ರಬಂಧವನ್ನೇ ಮೊದಲು ಬರೆಯುವುದೆಂದು ತೀರ್ಮಾನಿಸಿದೆವು. ಕ್ರಮ ಬದಲಿಸಲು ಅಡ್ಡಿಯಿಲ್ಲ. ರಾತ್ರಿ ಪಾಳಿಯ ಮರುದಿನ ಪರೀಕ್ಷೆ ಬೇಡವೆಂದೂ ಹೇಳಿದೆ. ಹಿಂದಿನ ಎರಡರಲ್ಲಿ ಒಂದನ್ನು ಹಾಗೆಯೇ ಬರೆದಿದ್ದರು, ರಜೆ ಕೇಳಲು ಸಂಕೋಚ.

ಹೆದರಿಕೆಯನ್ನು ತಗ್ಗಿಸಿದ್ದು ಒಂದು ನಿಯಮ. 2023ರ ಫೆಬ್ರುವರಿಯಿಂದ, 12 ತಿಂಗಳೊಳಗಿನ ಎರಡು ಪರೀಕ್ಷೆಗಳ ಅಂಕಗಳನ್ನು ಕೌನ್ಸಿಲ್ ಒಟ್ಟುಗೂಡಿಸಿ ಒಪ್ಪುತ್ತದೆ. ಯಾವ ವಿಭಾಗದಲ್ಲೂ ಬೇಕಾದದ್ದಕ್ಕಿಂತ ಅರ್ಧ ಬ್ಯಾಂಡಿಗಿಂತ ಹೆಚ್ಚು ಕೆಳಗಿಳಿದಿರಬಾರದು, ಅಷ್ಟೇ. ಎಲ್ಲವನ್ನೂ ಒಂದೇ ದಿನ ಗೆಲ್ಲಬೇಕಾಗಿಲ್ಲವೆಂದು ತಿಳಿದ ಮೇಲೆ ಅವರ ನಿದ್ದೆ ತಕ್ಕಮಟ್ಟಿಗೆ ಸುಧಾರಿಸಿತು.

ಮೂರನೇ ಸಲ ಬರವಣಿಗೆಯಲ್ಲಿ 6.5 ಬಂತು. ಆಲಿಸುವಿಕೆ 6.5ಕ್ಕೆ ಇಳಿಯಿತು, ಹಿಂದಿನ ಪರೀಕ್ಷೆಯ 7 ಕೈಹಿಡಿಯಿತು. ಭೇಟಿಗಳು ಮುಂದುವರಿದಿವೆ. ಮಗ ಇಲ್ಲೇ ಅಜ್ಜಿಯ ಬಳಿ ಇರಲಿ ಎಂದು ಮನೆಯವರು ತೀರ್ಮಾನಿಸಿದ್ದಾರೆ. ಶಾಲಿನಿಗೆ ಅದು ಒಪ್ಪಿಗೆಯಿಲ್ಲ. ಗಂಡನಿಗೆ ಹೇಗೆ ಹೇಳುವುದೆಂದು ಮುಂದಿನ ವಾರ ಮಾತನಾಡಲಿದ್ದೇವೆ.