ಓದುಗರ ಪ್ರಶ್ನೆ: ನೈಲಾನ್ ಗೇರ್ ಯಾಕೆ ಮುರಿಯುತ್ತೆ, ಬೋರಿನ ಇಂಪೆಲ್ಲರ್ ಯಾಕೆ ಕರಗುತ್ತೆ?

ಈ ಸಲದ ಪ್ರಶ್ನೆಗಳೆಲ್ಲ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದಿವೆ. ಕ್ಯಾರಿಬ್ಯಾಗಿನ ಸುದ್ದಿ ಇಲ್ಲಿಲ್ಲ. ಗೇರು, ಬುಷ್ (ಶಾಫ್ಟ್ ತಿರುಗುವ ಬಳೆ), ಪಂಪಿನ ಬಿಡಿಭಾಗಗಳಿಗೆ ಬಳಸುವ ಗಟ್ಟಿ ಪ್ಲಾಸ್ಟಿಕ್, ಅಂದರೆ ಎಂಜಿನಿಯರಿಂಗ್ ಪ್ಲಾಸ್ಟಿಕ್ ಬಗ್ಗೆ ಮಾತು.

ಪ್ರಶ್ನೆ: ನಮ್ಮದು ಚಿಕ್ಕ ಮೋಲ್ಡಿಂಗ್ ಯೂನಿಟ್. ರೈಸ್ ಮಿಲ್ಲುಗಳಿಗೆ ನೈಲಾನ್ ಬುಷ್, ಗೇರ್ ಮಾಡಿಕೊಡುತ್ತೇವೆ. ರೀಸೈಕಲ್ ದಾಣಿ (ಪ್ಲಾಸ್ಟಿಕ್ ಕಾಳು) ಹಾಕಿದರೆ ಪೀಸಿನ ಮೇಲೆ ಬೆಳ್ಳಿ ಗೆರೆ ಬರುತ್ತೆ, ಹಲ್ಲು ಮುರಿಯುತ್ತೆ. ಮರುಬಳಕೆ ಮಾಲೇ ಕಳಪೆನಾ ಸರ್?
— ಕರೂರು ಕೈಗಾರಿಕಾ ಪ್ರದೇಶ, ದಾವಣಗೆರೆ

ಹಾಗೇನಿಲ್ಲ. ನೀವು ಹೇಳಿದ ಎರಡೂ ಲಕ್ಷಣ ಹಸಿ ಮಾಲಿನವು. ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಇಟ್ಟ ಮಂಡಕ್ಕಿಯ ಹಾಗೆ ನೈಲಾನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೈಲಾನ್ 6 ಅನ್ನುವ ಬಗೆ ಸುಮ್ನೆ ಹೊರಗಿದ್ದರೂ ತನ್ನ ತೂಕದ ಶೇ 2.5ರಿಂದ 3ರಷ್ಟು ನೀರು ಕುಡಿಯುತ್ತದೆ. ನೀರಲ್ಲೇ ಮುಳುಗಿಸಿಟ್ಟರೆ ಶೇ 9ರವರೆಗೂ ಹೋಗುತ್ತದೆ. ಆ ದಾಣಿಯನ್ನು ಹಾಗೇ ಬ್ಯಾರೆಲ್ಲಿಗೆ, ಅಂದರೆ ಮೆಷಿನ್ನಿನಲ್ಲಿ ದಾಣಿ ಕರಗುವ ಕೊಳವೆಗೆ, ಹಾಕಿದರೆ ನೀರು ಆವಿಯಾಗಿ ಬೆಳ್ಳಿ ಗೆರೆ ಎಳೆಯುತ್ತದೆ. ಗೆರೆ ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಇನ್ನೂ ದೊಡ್ಡದು. ಅಷ್ಟು ಬಿಸಿಯಲ್ಲಿ ನೀರು ನೈಲಾನಿನ ಉದ್ದ ಸರಪಳಿಗಳನ್ನೇ ತುಂಡು ಮಾಡುತ್ತದೆ. ಹಲ್ಲು ಮುರಿಯುವುದು ಅದಕ್ಕೇ.

ಪರೀಕ್ಷೆಗೆ ಲ್ಯಾಬ್ ಬೇಕಿಲ್ಲ. ಪರ್ಜ್ ಮಾಡಿ, ಅಂದರೆ ಕರಗಿದ ಮಾಲನ್ನು ಮೋಲ್ಡಿಗೆ ಹಾಕದೆ ಹೊರಗೆ ತಳ್ಳಿ, ಕೆಳಗೆ ಬಿಟ್ಟ ಮುದ್ದೆಯನ್ನು ನೋಡಿ. ನೊರೆ ನೊರೆಯಾಗಿ ಉಬ್ಬಿದರೆ ಮಾಲು ಹಸಿ. ನಯವಾಗಿ, ಗುಳ್ಳೆ ಇಲ್ಲದೆ ಇಳಿದರೆ ಸರಿ ಇದೆ. 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 4ರಿಂದ 6 ಗಂಟೆ ಒಣಗಿಸಿ, ತೇವ ಶೇ 0.2ಕ್ಕಿಂತ ಕಡಿಮೆ ಇರಲಿ. ಬೇಗ ಆಗಲಿ ಅಂತ ಬಿಸಿ ಏರಿಸಬೇಡಿ, ದಾಣಿ ಹಳದಿ ತಿರುಗುತ್ತದೆ. ಇನ್ನೊಂದು ಮಾತು. ಸಾಧಾರಣ ಹಾಟ್ ಏರ್ ಡ್ರೈಯರ್ ಹೊರಗಿನ ಗಾಳಿಯನ್ನೇ ಎಳೆದು ಕಾಯಿಸುತ್ತದೆ. ಜುಲೈ ತಿಂಗಳಲ್ಲಿ ಆ ಗಾಳಿಯೇ ಒದ್ದೆ, ಅಲ್ವಾ? ನೈಲಾನ್ ಕೆಲಸ ಜಾಸ್ತಿ ಇದ್ದರೆ ಗಾಳಿಯ ತೇವ ತೆಗೆದು ಆಮೇಲೆ ಬಳಸುವ ಡಿಹ್ಯೂಮಿಡಿಫೈಯಿಂಗ್ ಡ್ರೈಯರ್‌ಗೆ ದುಡ್ಡು ಹಾಕಿ, ಹೊಸ ಮೆಷಿನ್ ಆಮೇಲೆ ನೋಡಿಕೊಳ್ಳಬಹುದು.

ಈಗ ಮರುಬಳಕೆ ವಿಚಾರ. ನಿಮ್ಮದೇ ರನ್ನರ್, ಸ್ಪ್ರೂ (ಪೀಸಿನ ಜೊತೆ ಮೋಲ್ಡಿನ ದಾರಿಯಲ್ಲಿ ಗಟ್ಟಿಯಾಗಿ ಉಳಿದ ಕಡ್ಡಿಗಳು) ಪುಡಿ ಮಾಡಿ ಹೊಸ ಮಾಲಿನ ಜೊತೆ ಶೇ 20ರಷ್ಟು ಬೆರೆಸಿ ಬುಷ್ ಮಾಡುವುದಕ್ಕೆ ನನ್ನ ಅಡ್ಡಿಯಿಲ್ಲ. ಅದು ಎಂಥ ಮಾಲು ಅಂತ ನಿಮಗೆ ಗೊತ್ತಿರುತ್ತದೆ. ಮಾರ್ಕೆಟ್ಟಿನಿಂದ ಚೀಲದಲ್ಲಿ ಬರುವ 'ನೈಲಾನ್' ಬೇರೆ ಕಥೆ. ನೈಲಾನ್ 6 ಸುಮಾರು 220 ಡಿಗ್ರಿಗೆ ಕರಗಿದರೆ ನೈಲಾನ್ 66ಕ್ಕೆ 260 ಬೇಕು. ಎರಡೂ ಬೆರೆತಿದ್ದರೆ ಕರಗದ ಚುಕ್ಕೆಗಳು ಗೇರಿನ ಒಳಗೇ ಉಳಿಯುತ್ತವೆ, ಬಿರುಕು ಅಲ್ಲಿಂದಲೇ ಶುರು. ಬಲಕ್ಕೆ ಗಾಜಿನ ಎಳೆ ಬೆರೆಸಿದ, ಗ್ಲಾಸ್ ತುಂಬಿದ ನೈಲಾನ್ ಆದರೆ ಪುಡಿ ಮಾಡಿದಾಗೆಲ್ಲ ಗಾಜಿನ ಎಳೆ ಗಿಡ್ಡ ಆಗುತ್ತದೆ, ಬಲವೂ ಇಳಿಯುತ್ತದೆ. ಗೇರಿಗೆ ಅಂಥ ಪುಡಿ ಬೇಡವೇ ಬೇಡ.

ಡೆಲ್ರಿನ್ ಅಂತ ಕರೆಯುತ್ತೀರಲ್ಲ, ಅಸಿಟಾಲ್, ಅದನ್ನೂ ಓಡಿಸುತ್ತೀರಾದರೆ ಒಂದು ಎಚ್ಚರಿಕೆ. ಅದರ ಜೊತೆ ಪಿವಿಸಿ ಚೂರು ಯಾವತ್ತೂ ಸೇರಬಾರದು. ಪಿವಿಸಿಯಿಂದ ಬರುವ ಆಮ್ಲ ಅಸಿಟಾಲನ್ನು ಒಡೆದು ಫಾರ್ಮಾಲ್ಡಿಹೈಡ್ ಗ್ಯಾಸ್ ಮಾಡುತ್ತದೆ. ಬ್ಯಾರೆಲ್ಲಿನಲ್ಲಿ ಒತ್ತಡ ಏರಿ ನಾಜಲ್ಲಿನಿಂದ ಸಿಡಿಯಬಹುದು. ಗ್ರೈಂಡರ್ ಪಕ್ಕದಲ್ಲಿ ಪೈಪ್ ಚೂರು ಬಿದ್ದಿದ್ದರೆ ಇವತ್ತೇ ತೆಗೆಸಿ.

ಕೊನೆಗೆ, ಮೋಲ್ಡಿನಿಂದ ಆಗಷ್ಟೇ ಬಂದ ನೈಲಾನ್ ಪೀಸು ಪೂರ್ತಿ ಒಣಗಿರುತ್ತದೆ, ಆದ್ದರಿಂದ ಪೆಡಸು. ಗಿರಾಕಿ ಅಲ್ಲೇ ಸುತ್ತಿಗೆಯಲ್ಲಿ ಬಡಿದು ನೋಡಿದರೆ ಒಳ್ಳೆ ಮಾಲೂ ಒಡೆಯುತ್ತದೆ. ಕೆಲವು ಗಂಟೆ ಬಿಸಿ ನೀರಲ್ಲಿ ನೆನೆಸಿ ಆಮೇಲೆ ಕೊಡಿ. ತೇವ ಕುಡಿದ ಮೇಲೆ ಅಳತೆ ಸ್ವಲ್ಪ ಹಿಗ್ಗುತ್ತದೆ, ಬುಷ್ಷಿನ ರಂಧ್ರಕ್ಕೆ ಆ ಲೆಕ್ಕ ಮೊದಲೇ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ತೋಟದ ಬೋರ್ ಪಂಪು ಎತ್ತಿಸಿದಾಗ ನೋರಿಲ್ ಪ್ಲಾಸ್ಟಿಕ್ಕಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಕರಗಿ ಅಂಟಿಕೊಂಡಿತ್ತು. ಮೆಕ್ಯಾನಿಕ್ ಸ್ಟೀಲ್ ಹಾಕಿಸಿ ಅಂತಾರೆ. ಏನು ಮಾಡಲಿ?
— ಅಡಿಕೆ ಬೆಳೆಗಾರರು, ಹೊಸದುರ್ಗ ತಾಲ್ಲೂಕು

ಕರಗಿ ಅಂಟಿಕೊಂಡಿದ್ದರೆ ಪಂಪು ನೀರಿಲ್ಲದೆ ಓಡಿದೆ. ಇಂಪೆಲ್ಲರನ್ನು ತಣ್ಣಗಿಡುವುದೇ ನೀರು. ನೀರು ನಿಂತ ಮೇಲೂ ಮೋಟರ್ ತಿರುಗುತ್ತಿದ್ದರೆ ಉಜ್ಜಾಟದ ಬಿಸಿಗೆ ನೋರಿಲ್ ಮೆತ್ತಗಾಗುತ್ತದೆ. ಹಾಗೆ ಒಣ ಓಡಿದರೆ ಸ್ಟೀಲ್ ಹಾಕಿದ ಪಂಪಿನಲ್ಲೂ ಬುಷ್, ಬೇರಿಂಗ್ ಹಾಳಾಗುತ್ತವೆ. ಮೊದಲು ಪ್ಯಾನೆಲ್ ಬೋರ್ಡಿಗೆ ಡ್ರೈ ರನ್ ಪ್ರೊಟೆಕ್ಷನ್, ಅಂದರೆ ನೀರು ನಿಂತರೆ ಮೋಟರ್ ನಿಲ್ಲಿಸುವ ಸಾಧನ, ಹಾಕಿಸಿ. ಖರ್ಚು ಪಂಪು ಎತ್ತಿಸುವ ಕೂಲಿಗಿಂತ ಕಡಿಮೆಯೇ ಇರುತ್ತದೆ.

ನೋರಿಲ್ ಅಂದರೆ ಪಿಪಿಓ ಅನ್ನುವ ಪ್ಲಾಸ್ಟಿಕ್ಕಿಗೆ ಪಾಲಿಸ್ಟೈರೀನ್ ಬೆರೆಸಿದ್ದು. ಪಿಪಿಓವನ್ನು 1956ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಅಲನ್ ಹೇ ಕಂಡುಹಿಡಿದರು. ನೈಲಾನಿನ ಹಾಗೆ ಇದು ನೀರು ಕುಡಿಯುವುದಿಲ್ಲ, ಅಳತೆ ಬದಲಾಗುವುದಿಲ್ಲ, ತುಕ್ಕಿನ ಮಾತಿಲ್ಲ, ಹಗುರ. ನೂರಾರು ಅಡಿ ಕೆಳಗೆ ವರ್ಷಗಟ್ಟಲೆ ನೀರಲ್ಲೇ ಇರುವ ಭಾಗಕ್ಕೆ ಒಳ್ಳೆ ಆಯ್ಕೆ. ನಿಮ್ಮ ಬೋರಿನಲ್ಲಿ ಮರಳು ಜಾಸ್ತಿ ಬರುತ್ತಿದ್ದರೆ ಮಾತ್ರ ಸ್ಟೀಲ್ ಬಗ್ಗೆ ಯೋಚಿಸಿ. ಬಕೆಟ್ಟಿಗೆ ನೀರು ಹಿಡಿದು ಹತ್ತು ನಿಮಿಷ ಬಿಡಿ, ತಳದಲ್ಲಿ ಕೂತದ್ದು ಎಷ್ಟು ಅಂತ ಗೊತ್ತಾಗುತ್ತದೆ.

ಸವೆದ ಇಂಪೆಲ್ಲರನ್ನು 'ಇನ್ನೂ ಓಡುತ್ತೆ' ಅಂತ ವಾಪಸ್ ಇಳಿಸಬೇಡಿ. ಅಂಚು ಸವೆದರೆ ಎತ್ತಿದ ನೀರು ಒಳಗೇ ಹಿಂದಕ್ಕೆ ಸೋರುತ್ತದೆ. ಕರೆಂಟ್ ಉರಿಯುತ್ತದೆ, ನೀರು ಕಡಿಮೆ ಬರುತ್ತದೆ. ಪರಿಸರದ ಲೆಕ್ಕ ಹಾಕಿದರೂ ಪಂಪಿನ ವಿಷಯದಲ್ಲಿ ಪ್ಲಾಸ್ಟಿಕ್ಕಿಗಿಂತ ಕರೆಂಟಿನ ಪಾಲೇ ದೊಡ್ಡದು. ನಿಮ್ಮ ಮೆಕ್ಯಾನಿಕ್‌ಗೂ ಒಂದು ಮಾತು ಹೇಳಿ: ನೋರಿಲ್ ಭಾಗಗಳನ್ನು ಪೆಟ್ರೋಲ್, ಥಿನ್ನರ್‌ನಲ್ಲಿ ತೊಳೆಯಬಾರದು, ಸಣ್ಣ ಬಿರುಕು ಬಿಡುತ್ತವೆ. ಸೋಪಿನ ನೀರು ಸಾಕು.

ಪ್ರಶ್ನೆ: ಮೆಕ್ಕೆಜೋಳದಿಂದ ಪ್ಲಾಸ್ಟಿಕ್ ಆಗುತ್ತಂತೆ. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. ಅದರಿಂದಲೇ ಮಿಕ್ಸಿ, ಫ್ಯಾನು ಯಾಕೆ ಮಾಡಬಾರದು?
— ಪ್ರೌಢಶಾಲೆ ಶಿಕ್ಷಕಿ, ಜಗಳೂರು

ಆಗುತ್ತದೆ, ಅದರ ಹೆಸರು ಪಿಎಲ್‌ಎ. ಆದರೆ ಮಾಮೂಲಿ ಪಿಎಲ್‌ಎ 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೂ ಸೊಟ್ಟಗಾಗಬಹುದು. ಮಿಕ್ಸಿ ಮೋಟರಿನ ಬಿಸಿ ತಡೆಯುವುದು ಕಷ್ಟ. ಮಣ್ಣಲ್ಲಿ ಕರಗುತ್ತದೆ ಅನ್ನುವುದೂ ಅರ್ಧ ಸತ್ಯ. ಸುಮಾರು 58 ಡಿಗ್ರಿ ಬಿಸಿ ಕಾಯ್ದುಕೊಳ್ಳುವ ದೊಡ್ಡ ಗೊಬ್ಬರ ಘಟಕ ಬೇಕು. ಹಿತ್ತಿಲ ತಿಪ್ಪೆಯಲ್ಲಿ ಅದು ಹಾಗೇ ಬಿದ್ದಿರುತ್ತದೆ.

ಬೆಳೆಯಿಂದ ಬಂದ ಗಟ್ಟಿ ಪ್ಲಾಸ್ಟಿಕ್ ಬೇಕೆಂದರೆ ಮೆಕ್ಕೆಜೋಳ ಬಿಟ್ಟು ಹರಳಿನ ಕಡೆ ನೋಡಿ. ನೈಲಾನ್ 11 ಆಗುವುದು ಹರಳೆಣ್ಣೆಯಿಂದ. ಫ್ರಾನ್ಸಿನವರು 1940ರ ದಶಕದಲ್ಲೇ ಇದನ್ನು ಮಾಡಿದರು. ಹರಳು ಬೆಳೆಯುವುದರಲ್ಲಿ ಜಗತ್ತಿಗೇ ಭಾರತ ಮೊದಲು, ಹೆಚ್ಚಿನ ಪಾಲು ಗುಜರಾತಿನದು. ಲಾರಿಗಳ ಏರ್ ಬ್ರೇಕ್ ಪೈಪಿಗೆ, ಡೀಸೆಲ್ ಪೈಪಿಗೆ ಇದನ್ನು ಬಳಸುತ್ತಾರೆ. ಮಕ್ಕಳಿಗೆ ಒಂದನ್ನು ಖಂಡಿತ ಹೇಳಿ: ಗಿಡದಿಂದ ಬಂದದ್ದೆಲ್ಲ ಮಣ್ಣಲ್ಲಿ ಕೊಳೆಯುವುದಿಲ್ಲ. ನೈಲಾನ್ 11 ಕೊಳೆಯುವುದಿಲ್ಲ, ಬ್ರೇಕಿನ ಪೈಪು ಕೊಳೆಯಲೂ ಬಾರದು.

ಪ್ರಶ್ನೆ: ಬೆಟ್ಟದ ಮೇಲಿನ ಗಾಳಿಯಂತ್ರದ ಹಳೇ ರೆಕ್ಕೆಗಳನ್ನು ಕರಗಿಸಿ ಮರುಬಳಕೆ ಮಾಡಬಹುದಾ? ಪ್ರಾಜೆಕ್ಟಿಗೆ ಬೇಕಿತ್ತು.
— ಎಂಜಿನಿಯರಿಂಗ್ ವಿದ್ಯಾರ್ಥಿ, ಚಿತ್ರದುರ್ಗ

ಕರಗಿಸಲು ಬರುವುದಿಲ್ಲ. ರೆಕ್ಕೆಯಲ್ಲಿ ಗಾಜಿನ ಎಳೆಗೆ ಎಪಾಕ್ಸಿಯಂಥ ರಾಳ ಸೇರಿಸಿರುತ್ತಾರೆ. ಅದು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ಬಿಸಿ ಮಾಡಿದರೆ ಸುಡುತ್ತದೆ ಅಷ್ಟೆ. ಹೊಸ ದಾರಿಗಳಿವೆ. 2021ರಲ್ಲಿ ಸೀಮೆನ್ಸ್ ಗಮೇಸಾ ಕಂಪನಿ ಸೌಮ್ಯ ಆಮ್ಲದಲ್ಲಿ ಬಿಡಿಸಬಹುದಾದ ರಾಳದ ರೆಕ್ಕೆ ತಂದಿತು. 2022ರಲ್ಲಿ ಯುರೋಪಿನ ಝೀಬ್ರಾ ಯೋಜನೆಯವರು ಕರಗಬಲ್ಲ ರಾಳದಲ್ಲಿ 62 ಮೀಟರ್ ರೆಕ್ಕೆ ಮಾಡಿದರು. ಇವೆಲ್ಲ ಮುಂದೆ ಮಾಡುವ ರೆಕ್ಕೆಗಳಿಗೆ. ಈಗಾಗಲೇ ನಿಂತಿರುವ ಹಳೇ ರೆಕ್ಕೆಗಳಿಗೆ ಸದ್ಯ ಸಿಮೆಂಟ್ ಗೂಡೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ರಾಳ ಉರುವಲಾಗುತ್ತದೆ, ಗಾಜಿನ ಸಿಲಿಕಾ ಸಿಮೆಂಟಿಗೆ ಸೇರುತ್ತದೆ. ಪ್ರಾಜೆಕ್ಟಿಗೆ ರೆಕ್ಕೆಯ ಚೂರು ಸಿಕ್ಕಿದರೆ ಆ್ಯಂಗಲ್ ಗ್ರೈಂಡರ್ ಹಿಡಿದು ನೀರಿಲ್ಲದೆ ಕತ್ತರಿಸಬೇಡಿ. ಕೈ ಗರಗಸದಲ್ಲಿ ನೀರು ಬಿಡುತ್ತಾ ಕತ್ತರಿಸಿ, ಒಳ್ಳೆ ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಹಾಕಿ. ಗಾಜಿನ ದೂಳು ಚರ್ಮಕ್ಕೆ ತಾಗಿದರೆ ತುಂಬಾ ತುರಿಸುತ್ತದೆ.