ನಲವತ್ತು ಮಕ್ಕಳು ಆರಕ್ಕಿಳಿದದ್ದು ಏಕೆ?

(ಪತ್ರದ ಸಾರ: ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಯುವಕ ಸಂಘದವರು ಬರೆದಿದ್ದಾರೆ. ಜೂನ್‌ನಲ್ಲಿ ಸಮುದಾಯ ಭವನದಲ್ಲಿ ರಾತ್ರಿ ಏಳಕ್ಕೆ ಉಚಿತ ಪಾಠ ಶುರುಮಾಡಿದಾಗ 40 ಮಕ್ಕಳು ಬಂದರಂತೆ, ದೀಪಾವಳಿ ಹೊತ್ತಿಗೆ ಉಳಿದವರು ಆರು. ಪೋಷಕರ ಸಭೆ ಕರೆದರೆ ಯಾರೂ ಬರುವುದಿಲ್ಲ. ಸಂಘ ನೋಂದಾಯಿಸಿ ಅನುದಾನ ತಂದರೆ ಸರಿಹೋದೀತೇ, ಜನವರಿಯಲ್ಲಿ ಮಕ್ಕಳನ್ನು ಕಾಡಿಗೆ ಚಾರಣ ಕರೆದೊಯ್ಯಬಹುದೇ ಎಂದು ಕೇಳಿದ್ದಾರೆ.)

ಮಾನ್ಯರೇ,

ಅನುದಾನದಿಂದ ಸರಿಹೋಗದು. ಬ್ಯಾನರ್ ದೊಡ್ಡದಾದೀತು, ಮಕ್ಕಳು ಆರೇ ಇರುತ್ತಾರೆ. ಕಾರಣ ನಿಮ್ಮ ಪತ್ರದಲ್ಲೇ ಇದೆ: ರಾತ್ರಿ ಏಳು ಗಂಟೆ. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ತೋಟ, ಗದ್ದೆ, ಹಳ್ಳ ದಾಟಬೇಕು. ಆಷಾಢದ ಮಳೆಯಲ್ಲಿ, ಕರೆಂಟಿಲ್ಲದ ರಾತ್ರಿ ಎಂಟೂವರೆಗೆ ಮಗಳು ಕಾಲುಸಂಕ ದಾಟಿ ಬರಲಿ ಎಂದು ಯಾವ ತಾಯಿ ಬಿಟ್ಟಾಳು? ಹಾಜರಿ ಪುಸ್ತಕ ತೆಗೆದು ನೋಡಿ, ಮೊದಲು ನಿಂತವರು ಹೆಣ್ಣುಮಕ್ಕಳೇ ಇರಬೇಕು.

ಪಾಠವನ್ನು ಶಾಲೆ ಬಿಟ್ಟ ಕೂಡಲೇ ಇಟ್ಟುಕೊಳ್ಳಿ. ಶಾಲೆಯಲ್ಲೇ ಆಗಲಿ, ಇಲ್ಲವೇ ಬಸ್ಸಿಳಿಯುವ ಜಾಗದ ಪಕ್ಕದ ಮನೆಯ ಜಗಲಿಯಲ್ಲಾಗಲಿ. ಒಂದೇ ಗಂಟೆ, ವಾರಕ್ಕೆ ನಾಲ್ಕು ದಿನ. ಮೊದಲ ಹತ್ತು ನಿಮಿಷ ತಿಂಡಿಗೆ. ಹಸಿದ ಮಗುವಿನ ಕಣ್ಣು ಪುಸ್ತಕದ ಮೇಲಿರುವುದಿಲ್ಲ. ಒಗ್ಗರಣೆ ಅವಲಕ್ಕಿಯೋ ಬೇಯಿಸಿದ ಕಡಲೆಯೋ ಸಾಕು.

ಇನ್ನು ಪಾಠದ ಮಾತು. ತರಗತಿವಾರು ಕೂರಿಸಿ ಹೋಂವರ್ಕ್ ಮಾಡಿಸುವುದು ಎಲ್ಲ ಸಂಘಗಳೂ ಮಾಡುವ ತಪ್ಪು. ಮೊದಲ ವಾರ ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿಕೊಂಡು ಐದು ನಿಮಿಷ ಓದಿಸಿ: ಬಿಡಿ ಅಕ್ಷರ, ಕಾಗುಣಿತದ ಪದ, ಒತ್ತಕ್ಷರದ ಪದ, ನಾಲ್ಕು ಸಾಲಿನ ಗದ್ಯ. ಎಲ್ಲಿ ತಡವರಿಸಿತೋ ಅದೇ ಆ ಮಗುವಿನ ಗುಂಪು, ಏಳನೇ ತರಗತಿಯಾದರೂ ಸರಿ. ಹೆಚ್ಚಿನವರು ಒತ್ತಕ್ಷರದಲ್ಲೇ ನಿಲ್ಲುತ್ತಾರೆ. ‘ಅಮ್ಮ’, ‘ಅಕ್ಕ’ ಸಲೀಸು. ‘ಸೂರ್ಯ’ ಬಂದರೆ ‘ಸೂಯ್ರ’ ಎನ್ನುತ್ತಾರೆ. ಮಗುವಿನದು ತಪ್ಪೆನ್ನುವುದಕ್ಕಿಂತ ನಮ್ಮ ಲಿಪಿಯ ಚಮತ್ಕಾರ ಎನ್ನಬೇಕು. ಅರ್ಕಾವತ್ತನ್ನು ಬರೆಯುವುದು ಯಕಾರದ ಆಮೇಲೆ, ಉಚ್ಚರಿಸುವುದು ಮೊದಲು. ಇದನ್ನು ಒಮ್ಮೆ ಬಿಡಿಸಿ ಹೇಳಿ, ‘ಕಾರ್ಯ’, ‘ಧೈರ್ಯ’, ‘ಆಶ್ಚರ್ಯ’ ಒಟ್ಟಿಗೆ ಬರೆಸಿ. ‘ಸ್ವಾತಂತ್ರ್ಯ’ವನ್ನು ಕೊನೆಗಿಡಿ, ಅಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ಮನೆಯಲ್ಲಿ ಲಂಬಾಣಿ, ಉರ್ದು, ಕೊಂಕಣಿ ಆಡುವ ಮಕ್ಕಳಿಗೆ ಓದಿಸುವ ಮುಂಚೆ ಕತೆಯನ್ನು ಬಾಯಲ್ಲಿ ಹೇಳಿ. ಪದದ ಅರ್ಥ ಗೊತ್ತಿಲ್ಲದೆ ಅಕ್ಷರ ಕೂಡಿಸುವುದು ಬರೀ ಗಿಳಿಪಾಠ. ಕತೆಪುಸ್ತಕ ಕೊಳ್ಳುವ ಮುನ್ನ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗಿನ ಅರಿವು ಕೇಂದ್ರದಲ್ಲಿ, ಏನಿದೆ ನೋಡಿ.

ಓದಿಸುವವರು ಯಾರು? ನಿಮ್ಮೂರಿನ ಪಿಯುಸಿ, ಡಿಗ್ರಿ ಮಕ್ಕಳು. ಯುವಕರಿಗೆಂದು ವ್ಯಕ್ತಿತ್ವ ವಿಕಸನದ ಭಾಷಣ ಇಡಿಸುವುದಕ್ಕಿಂತ ಹತ್ತು ಮಕ್ಕಳ ಜವಾಬ್ದಾರಿ ಕೊಡಿ, ವಿಕಸನ ತಾನಾಗಿ ಆಗುತ್ತದೆ. ಆದರೆ ಬಿಟ್ಟಿ ದುಡಿಸಬೇಡಿ. ‘ಸೇವೆ’ ಎಂದು ಕರೆದರೆ ಮೂರನೇ ತಿಂಗಳಿಗೆ ಬಸ್‌ ಚಾರ್ಜಿಗೂ ಗತಿಯಿಲ್ಲದೆ ಬಿಡುತ್ತಾರೆ. ನಮ್ಮ ಅಂದಾಜು ಹೀಗಿದೆ: 20 ಮಕ್ಕಳು, ಇಬ್ಬರು ಓದಿಸುವವರಿಗೆ ತಿಂಗಳಿಗೆ ತಲಾ 3,000 ರೂಪಾಯಿಯಂತೆ ಹತ್ತು ತಿಂಗಳಿಗೆ 60,000. ತಿಂಡಿಗೆ ಮಗುವಿಗೆ ದಿನಕ್ಕೆ 8 ರೂಪಾಯಿ, ತಿಂಗಳಿಗೆ 16 ದಿನ, ಹತ್ತು ತಿಂಗಳಿಗೆ 25,600. ಪುಸ್ತಕ, ಚಾರ್ಜಿಂಗ್ ದೀಪಕ್ಕೆ 11,000. ಒಟ್ಟು 96,600. ಲಕ್ಷದೊಳಗಿನ ಈ ಮೊತ್ತ ಊರಲ್ಲೇ ಹುಟ್ಟುತ್ತದೆ, ಲೆಕ್ಕವನ್ನು ಪ್ರತಿ ತಿಂಗಳು ಹಾಲಿನ ಡೇರಿಯ ಗೋಡೆಗೆ ಅಂಟಿಸಿದರೆ.

ಮಕ್ಕಳ ಜೊತೆ ಯಾವಾಗಲೂ ದೊಡ್ಡವರು ಇಬ್ಬರಿರಲಿ, ಬಾಗಿಲು ತೆರೆದಿರಲಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಊರ ಪಂಚಾಯಿತಿಕೆಗೆ ಕೂರಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಪೋಷಕರು ಸಭೆಗೆ ಬರುವುದಿಲ್ಲ ಎಂದಿರಿ. ನೀವು ಕರೆದದ್ದು ಡಿಸೆಂಬರಿನಲ್ಲಿ. ಆಗ ಅಡಿಕೆ ಕೊಯ್ಲು. ಹಗಲು ತೋಟ, ರಾತ್ರಿ ಮೆಟ್ಟುಗತ್ತಿ ಮುಂದೆ ಸುಲಿಯುವುದು, ಅದೂ ಸುಲಿದಷ್ಟಕ್ಕೆ ಕೂಲಿ. ಎದ್ದು ಬಂದರೆ ಆ ರಾತ್ರಿಯ ಸಂಪಾದನೆ ಹೋಯಿತು. ನೀವೇ ಅಲ್ಲಿಗೆ ಹೋಗಿ. ಕೈ ಕೆಲಸದಲ್ಲಿದ್ದರೂ ಕಿವಿ ಖಾಲಿ ಇರುತ್ತದೆ. ಮಗುವನ್ನೂ ಕರೆದುಕೊಂಡು ಹೋಗಿ ಅಮ್ಮನೆದುರು ಒಂದು ಪುಟ ಓದಿಸಿ; ಅಂಕಪಟ್ಟಿಯ ವಿಷಯ ಎತ್ತಬೇಡಿ. ಉಳಿದ ತಿಂಗಳಲ್ಲಿ ಸ್ತ್ರೀಶಕ್ತಿ ಸಂಘದ ಸಭೆಯಲ್ಲೇ ಕಾಲು ಗಂಟೆ ಕೇಳಿ ಪಡೆಯಿರಿ.

ಕುಟುಂಬಗಳಿಗೆ ಕೂಡಲೇ ಉಪಯೋಗಕ್ಕೆ ಬರುವ ಕೆಲಸ ಮತ್ತೊಂದಿದೆ: ವಿದ್ಯಾರ್ಥಿವೇತನದ ಅರ್ಜಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಣ ಬರದಿರಲು ಹೆಚ್ಚಾಗಿ ಎರಡೇ ಕಾರಣ. ಆಧಾರ್‌ನಲ್ಲಿ ಒಂದು ಹೆಸರು, ಶಾಲಾ ದಾಖಲೆಯಲ್ಲಿ ಇನ್ನೊಂದು. ಇಲ್ಲವೇ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಅರ್ಜಿಯ ಕಾಲಕ್ಕೆ ಮುಂಚೆಯೇ ಮನೆಮನೆಗೆ ಹೋಗಿ ಇದನ್ನು ತಾಳೆ ನೋಡಿ, ಜಾತಿ–ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಹತ್ತು ಮನೆಗೆ ಹಣ ಬಂದ ವರ್ಷ ನಿಮ್ಮ ಸಭೆಗೆ ಚಾಪೆ ಸಾಲುವುದಿಲ್ಲ.

ನೋಂದಣಿ ಒಂದು ವರ್ಷ ಪಾಠ ನಡೆದ ಮೇಲೆ ಸಾಕು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ಏಳೂ ಜನ ಒಂದೇ ಮನೆಯವರು, ಒಂದೇ ಕೇರಿಯವರು ಆಗದಿರಲಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಆಡಿಟ್, ನೋಂದಣಾಧಿಕಾರಿಗೆ ಆಡಳಿತ ಮಂಡಳಿಯ ಪಟ್ಟಿ ಇವು ತಪ್ಪಕೂಡದು. ಅನೇಕ ಸಂಘಗಳು ಮುಗ್ಗರಿಸುವುದು ಇಲ್ಲೇ. ಅಮೆರಿಕದಲ್ಲಿರುವ ಊರ ಹುಡುಗರು ಹಣ ಕಳಿಸುತ್ತೇವೆಂದರೆ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಕೇಳಿ. ಭಾರತದ ಪೌರರು ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗದು. ಅಲ್ಲಿನ ಪೌರತ್ವ ಪಡೆದವರದಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿಯಿಲ್ಲದೆ ಮುಟ್ಟಬೇಡಿ.

ನೋಂದಣಿಗೆ, ಅನುದಾನಕ್ಕೆ ಅವಸರ ಬೇಡ ಎಂದದ್ದಕ್ಕೆ ಪಕ್ಕದ ಸಾಗರ ತಾಲ್ಲೂಕನ್ನೇ ನೋಡಿ. ಹೆಗ್ಗೋಡಿನಲ್ಲಿ ನೀನಾಸಮ್ ಹುಟ್ಟಿದ್ದು 1949ರಲ್ಲಿ, ಊರವರ ನಾಟಕದ ಸಂಘವಾಗಿ. ಅದರ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ.

ಚಾರಣ ಜನವರಿಯಲ್ಲಿ ಬೇಡ. ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಅದನ್ನು ಹರಡುವ ಉಣುಗು ತರಗೆಲೆಯಲ್ಲೇ ಇರುತ್ತದೆ. 1957ರಲ್ಲಿ ಈ ರೋಗ ಮೊದಲು ಕಂಡದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರಿನಲ್ಲೇ. ಮಳೆ ನಿಂತ ಅಕ್ಟೋಬರಿನಲ್ಲಿ, ಅಡಿಕೆ ಕೊಯ್ಲಿಗೆ ಮುಂಚೆ, ಹೋಗಿಬನ್ನಿ.

– ಸಂಪಾದಕ