ಹಳೆಯ ಡೀಸೆಲ್ ವ್ಯಾನ್: ಹೆಡ್ ಇಳಿಸುವ ಮೊದಲು ರೇಡಿಯೇಟರ್ ಮುಚ್ಚಳ ನೋಡಿ

ಪ್ರಶ್ನೆ: ಏಳು ವರ್ಷ ಹಳೆಯ, ಹನ್ನೆರಡು ಸೀಟಿನ ಡೀಸೆಲ್ ವ್ಯಾನೊಂದನ್ನು ಹೋದ ದೀಪಾವಳಿಯ ಹೊತ್ತಿಗೆ ಕೊಂಡು, ಹುಣ್ಣಿಮೆಗೆ ಗಾಣಗಾಪುರಕ್ಕೆ ಭಕ್ತರನ್ನು ಕರೆದೊಯ್ಯುತ್ತಿದ್ದೇನೆ. ಬೇಸಿಗೆ ಶುರುವಾದಾಗಿನಿಂದ ಹುಮನಾಬಾದ್ ಕಡೆಗೆ ಹೋಗುವಾಗ ಏರಿನಲ್ಲಿ ಎಸಿ ಹಾಕಿದರೆ ಸಾಕು, ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ವಾರಕ್ಕೆ ಎರಡು ಲೀಟರ್‌ನಷ್ಟು ನೀರು ಹಾಕಬೇಕಾಗಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಲೇಬೇಕು ಎನ್ನುತ್ತಾರೆ ಗ್ಯಾರೇಜಿನವರು. ಒಪ್ಪಲೇ?
– ಕಲಬುರಗಿಯ ಓದುಗರೊಬ್ಬರು

ಉತ್ತರ: ಈಗಲೇ ಒಪ್ಪಬೇಡಿ. ಎಂಜಿನ್ ಬ್ಲಾಕು ಮತ್ತು ಅದರ ಮೇಲಿನ ಹೆಡ್ಡಿನ ನಡುವೆ ಗಾಳಿ, ನೀರು, ಆಯಿಲ್ ಬೆರೆಯದಂತೆ ತಡೆಯುವ ತೆಳು ಪದರವಾದ ಗ್ಯಾಸ್ಕೆಟ್ ಹೋಗಿರಲೂಬಹುದು, ಆದರೆ ಅದನ್ನು ಹೆಡ್ ಇಳಿಸದೆಯೇ ತಿಳಿಯುವ ದಾರಿಗಳಿವೆ. ರಾತ್ರಿಯೆಲ್ಲ ನಿಂತು ಪೂರ್ತಿ ತಣ್ಣಗಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ನೀರಿನ ಮೇಲ್ಮೈಯನ್ನು ನೋಡುತ್ತಿರಿ. ಮೊದಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಚಿಂತೆಯಿಲ್ಲ. ಅನ್ನ ಕುದಿಯುವಂತೆ ಎಡೆಬಿಡದೆ ಗುಳ್ಳೆ ಏಳುತ್ತಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ಸೇರುತ್ತಿದೆ ಎಂದು ಅರ್ಥ. ಮುಚ್ಚಳ ಹಾಕಿದ ಮೇಲೆ, ನೀರು ಇನ್ನೂ ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಪೈಪು ಕಲ್ಲಿನಂತೆ ಬಿಗಿಯಾದರೂ ಸಂದೇಹ ಅದೇ. ಡಿಪ್‌ಸ್ಟಿಕ್ಕಿನಲ್ಲಿ ಅಥವಾ ಆಯಿಲ್ ಮುಚ್ಚಳದ ಒಳಗೆ ಕಲಸಿದ ಹಾಲಿನ ಬಣ್ಣ ಕಂಡರೆ ನೀರು ಆಯಿಲಿಗೆ ಇಳಿದಿದೆ. ಈ ಮೂರರಲ್ಲಿ ಒಂದೂ ಕಾಣದಿದ್ದರೆ ನೀರು ಹೊರಗೆಲ್ಲೋ ಹೋಗುತ್ತಿದೆ: ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನ ಸುತ್ತ, ಹೋಸ್ ಕ್ಲಿಪ್ಪುಗಳ ಬಳಿ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿನ ಅಂಚಿನಲ್ಲಿ ಬಿಳಿಯ ಅಥವಾ ಹಸಿರು ಕಲೆ ಹುಡುಕಿ.

ಎಲ್ಲಕ್ಕಿಂತ ಮೊದಲು ಮಾತ್ರ ಆ ಮುಚ್ಚಳವನ್ನೇ ನೋಡಿ. ಮುಚ್ಚಳದ ಸ್ಪ್ರಿಂಗು ಸುಮಾರು ಒಂದು ಬಾರ್ ಒತ್ತಡವನ್ನು ಒಳಗೆ ಹಿಡಿದಿಡುವುದರಿಂದಲೇ ನೂರು ಡಿಗ್ರಿಗೆ ಕುದಿಯಬೇಕಾದ ನೀರು ನೂರಿಪ್ಪತ್ತರವರೆಗೆ ಕುದಿಯದೆ ನಿಲ್ಲುತ್ತದೆ. ಅದರ ರಬ್ಬರು ಸೀಳಿದರೆ ಆ ಇಪ್ಪತ್ತು ಡಿಗ್ರಿಯ ಆಸರೆ ತಪ್ಪಿ, ಏರಿನಲ್ಲಿ ನೀರು ಕುದಿದು ಓವರ್‌ಫ್ಲೋ ಪೈಪಿನಿಂದ ಚೆಲ್ಲಿಹೋಗುತ್ತದೆ. ವರ್ಷಗಳ ಹಿಂದೆ ನಾನೇ ಒಂದು ವ್ಯಾನಿನ ಹೆಡ್ ಇಳಿಸಿ, ಗ್ಯಾಸ್ಕೆಟ್ ಹೊಸದರಂತೆ ಇರುವುದನ್ನು ಕಂಡು, ಕೊನೆಗೆ ಮುಚ್ಚಳ ಬದಲಿಸಿ ಮಾಲೀಕರ ಮುಂದೆ ತಲೆ ತಗ್ಗಿಸಿದ್ದೇನೆ. ಆಮೇಲೆ ಮುಚ್ಚಳ ನೋಡದೆ ಸ್ಪ್ಯಾನರ್ ಹಿಡಿದಿಲ್ಲ.

ಎರಡನೆಯ ಸಂಶಯ ನೀರಿನ ಮೇಲೆ. ನೀವು ಬೋರ್‌ವೆಲ್ ನೀರು ಹಾಕುತ್ತಿರುವಿರಾ? ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಸುಣ್ಣದಕಲ್ಲು. ಅದೇ ಕಲ್ಲಿನ ಪದರಗಳಿಂದ ಬರುವ ನೀರಿನಲ್ಲಿ ಸುಣ್ಣ ಕರಗಿರುತ್ತದೆ ಮತ್ತು ಕಾದಾಗ ಪೊರೆಯಾಗಿ ಕೂರುತ್ತದೆ. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಊರೊಳಗೆ ನಿಂತಾಗ ಬಿಸಿಯಾಗಿ, ಓಡುವಾಗ ತಣ್ಣಗಾದರೆ ದೋಷ ಫ್ಯಾನಿನದು. ನಿಮ್ಮ ವ್ಯಾನಿನಂತೆ ಊರೊಳಗೆ ಸರಿಯಿದ್ದು ಏರಿನಲ್ಲಿ ಬಿಸಿಯಾದರೆ ರೇಡಿಯೇಟರು ಒಳಗೋ ಹೊರಗೋ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಹೊರಗೆ ಎಂದೆ, ಏಕೆಂದರೆ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವಿನ ಬೆರಳಗಲದ ಸಂದಿನಲ್ಲಿ ರಸ್ತೆಯ ಧೂಳೂ ರಾಶಿಯ ದಿನಗಳ ತೊಗರಿ ಹೊಟ್ಟೂ ಸೇರಿ ಗೋಣಿತಟ್ಟಿನಂತೆ ಹೆಪ್ಪುಗಟ್ಟುತ್ತವೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛವಾಗಿಯೇ ಕಾಣುತ್ತದೆ. ಅದನ್ನು ಸಡಿಲಿಸಿ ಮುಂದಕ್ಕೆ ಬಾಗಿಸಿದಾಗಲೇ ಹಿಂದಿನ ಕಂಬಳಿ ಕಾಣುವುದು. ಎಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಿಸಿ. ವಾಷಿಂಗ್ ಗನ್ನನ್ನು ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ತಗಡಿನ ರೆಕ್ಕೆಗಳು ಮಡಚಿಕೊಂಡು ಇದ್ದ ಗಾಳಿಯೂ ನಿಲ್ಲುತ್ತದೆ. ಒಳಗೆ ಸುಣ್ಣ ಕಟ್ಟಿದ್ದರೆ, ಹಳೆಯ ತಾಮ್ರದ ರೇಡಿಯೇಟರಿಗೆ ಸಲಾಕೆ ಹಾಕಿ ಸ್ವಚ್ಛಗೊಳಿಸಬಹುದು. ಅಲ್ಯೂಮಿನಿಯಂ ಆದರೆ ಆಸಿಡ್ ಮುಟ್ಟಿಸದೆ ಬದಲಿಸುವುದೇ ಲೇಸು. ಬಳಿಕ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರನ್ನು ಅರ್ಧಕ್ಕರ್ಧ ಬೆರೆಸಿ ಹಾಕಿ.

"ನಮ್ಮ ಬಿಸಿಲಿಗೆ ಥರ್ಮೋಸ್ಟ್ಯಾಟ್ ಬೇಡ" ಎಂದು, ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಆ ವಾಲ್ವನ್ನು ಕಿತ್ತೆಸೆಯುವ ರೂಢಿ ಈ ಭಾಗದಲ್ಲಿದೆ. ನಾನು ಇದನ್ನು ಒಪ್ಪುವುದಿಲ್ಲ. ಎಷ್ಟೋ ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಸಂಶಯವಿದ್ದರೆ ಅದನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಿ. ಕುದಿ ಬರುವ ಮೊದಲೇ ಬಾಯಿ ತೆರೆಯಬೇಕು.

ದಾರಿಯಲ್ಲಿ ಮುಳ್ಳು ಕೆಂಪಿಗೆ ಬಂದರೆ ಎಸಿ ನಿಲ್ಲಿಸಿ, ಹೀಟರ್ ಪೂರ್ತಿ ಹಾಕಿ, ನೆರಳಿದ್ದಲ್ಲಿ ನಿಲ್ಲಿಸಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಚ್ಚಬೇಡಿ. ಮುಖ ಸುಟ್ಟುಕೊಂಡವರನ್ನು ಕಂಡಿದ್ದೇನೆ. ಕಾದ ಎಂಜಿನ್ನಿನ ಮೇಲೆ ಕೊಡ ನೀರು ಸುರಿದರೆ ಇಲ್ಲದ ಹೆಡ್ ಬಿರುಕು ಬರುತ್ತದೆ.

ಪ್ರಶ್ನೆ: ಚಳಿಗಾಲದಲ್ಲಿ ಬೆಳಗ್ಗೆ ನಮ್ಮ ಶಾಲಾ ವ್ಯಾನ್ ಐದಾರು ಸಲ ಸೆಲ್ಫ್ ಹೊಡೆದರೂ ಹೊತ್ತುವುದಿಲ್ಲ, ತಳ್ಳಬೇಕಾಗುತ್ತದೆ. ಒಮ್ಮೆ ಹೊತ್ತಿದರೆ ದಿನವಿಡೀ ತೊಂದರೆಯಿಲ್ಲ. ಹೊಸ ಬ್ಯಾಟರಿ ಹಾಕಿದ್ದಾಯಿತು.
– ಬೀದರ್‌ನ ಓದುಗರೊಬ್ಬರು

ಉತ್ತರ: ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಬೇಕು. ಆದ್ದರಿಂದ ಬೆಳಗ್ಗೆ ಸೆಲ್ಫ್ ಹೊಡೆಯುವಾಗ ಇನ್ನೊಬ್ಬರನ್ನು ಸೈಲೆನ್ಸರಿನ ಹಿಂದೆ ನಿಲ್ಲಿಸಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ತಲುಪುತ್ತಿದೆ, ಹೊತ್ತುತ್ತಿಲ್ಲ: ಸಿಲಿಂಡರನ್ನು ಮೊದಲೇ ಕಾಯಿಸುವ ಹೀಟರ್ ಪ್ಲಗ್ಗುಗಳನ್ನೂ ಅವುಗಳ ರಿಲೇಯನ್ನೂ ನೋಡಬೇಕು. ಪ್ಲಗ್ಗುಗಳನ್ನು ಜೋಡಿಸಿರುವ ಪಟ್ಟಿಯನ್ನು ಬಿಚ್ಚಿ ಮಲ್ಟಿಮೀಟರ್ ಹಚ್ಚಿದರೆ ಒಳ್ಳೆಯ ಪ್ಲಗ್ ಒಂದು ಓಮ್‌ನ ಆಸುಪಾಸಿನಲ್ಲಿ ತೋರಿಸುತ್ತದೆ, ಸುಟ್ಟದ್ದು ಏನೂ ತೋರಿಸುವುದಿಲ್ಲ. ನಾಲ್ಕರಲ್ಲಿ ಎರಡು ಸುಟ್ಟಿದ್ದರೂ ಬೇಸಿಗೆಯಲ್ಲಿ ಗೊತ್ತಾಗದೆ ಬೀದರ್‌ನ ಡಿಸೆಂಬರ್ ಚಳಿಯಲ್ಲಿ ಗೊತ್ತಾಗುತ್ತದೆ.

ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಲೈನಿನಲ್ಲಿ ಎಲ್ಲೋ ಕೂದಲೆಳೆಯಷ್ಟು ಸೀಳಿದ್ದು, ರಾತ್ರಿ ಅಲ್ಲಿಂದ ಗಾಳಿ ಹೊಕ್ಕು ಡೀಸೆಲ್ ಟ್ಯಾಂಕಿಗೆ ಹಿಂದಿರುಗುತ್ತದೆ. ಖರ್ಚಿಲ್ಲದ ಪರೀಕ್ಷೆಯೊಂದಿದೆ: ಒಂದು ರಾತ್ರಿ ವ್ಯಾನಿನ ಮೂತಿ ಇಳಿಜಾರಿಗೆ ಇರುವಂತೆ ನಿಲ್ಲಿಸಿ, ಮರುದಿನ ಏರಿಗೆ ಇರುವಂತೆ ನಿಲ್ಲಿಸಿ. ಮೊದಲ ಬೆಳಗ್ಗೆ ಹೊತ್ತಿ, ಎರಡನೆಯ ಬೆಳಗ್ಗೆ ಮೊಂಡು ಹಿಡಿದರೆ ಗಾಳಿ ಹಿಡಿಯುತ್ತಿರುವುದು ಬಹುಮಟ್ಟಿಗೆ ಖಚಿತ. ಫಿಲ್ಟರಿನ ರಬ್ಬರ್ ವಾಷರ್, ಹ್ಯಾಂಡ್ ಪಂಪ್, ಗಟ್ಟಿಯಾದ ರಬ್ಬರ್ ಪೈಪುಗಳು, ಈ ಕ್ರಮದಲ್ಲಿ ಹುಡುಕಿ.

ಒಂದು ಎಚ್ಚರಿಕೆ. ಹಳೆಯ ಪಂಪಿನ ಎಂಜಿನ್ನುಗಳಲ್ಲಿ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ನ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯುವ ರೂಢಿಯಿತ್ತು. ಎಲ್ಲ ನಾಝಲ್‌ಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಒದಗಿಸುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಹಾಗೆ ಮಾಡಲೇಕೂಡದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಆ ಡೀಸೆಲ್ ಎಳೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದಂಥದ್ದು.

ಪ್ರಶ್ನೆ: ಸೇಡಂ ರಸ್ತೆಯಲ್ಲಿ ದಿನಾ ಓಡುವ ವ್ಯಾನ್. ಪಿಕಪ್ ಸತ್ತಿದೆ, ಏರಿನಲ್ಲಿ ಕಪ್ಪು ಹೊಗೆ. ನಾಝಲ್ ಸರ್ವಿಸ್ ಮಾಡಿಸಬೇಕೇ?
– ಯಾದಗಿರಿಯ ಓದುಗರೊಬ್ಬರು

ಉತ್ತರ: ಕಪ್ಪು ಹೊಗೆ ಎಂದರೆ ಡೀಸೆಲಿಗೆ ಸಾಕಷ್ಟು ಗಾಳಿ ಸಿಗುತ್ತಿಲ್ಲ. ಕಲ್ಲಿನ ಗಣಿ, ಸಿಮೆಂಟ್ ಲಾರಿಗಳ ಧೂಳಿನಲ್ಲಿ ಓಡುವ ಗಾಡಿಗೆ ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರಿನ ಅರ್ಧಕ್ಕೇ ಏರ್ ಫಿಲ್ಟರ್ ಬದಲಿಸಿ. ಕಂಪ್ರೆಸರ್ ಗಾಳಿ ಊದಿ ಅದನ್ನೇ ಮತ್ತೆ ಹಾಕಬೇಡಿ. ಕಾಗದ ಸೀಳಿದರೆ ಧೂಳು ಒಳಗೆ ಹೋಗಿ ರಿಂಗು ತೇಯುತ್ತದೆ, ಆಗ ಕಪ್ಪಿನ ಜಾಗದಲ್ಲಿ ಆಯಿಲ್ ಸುಡುವ ನೀಲಿ ಹೊಗೆ ಬರುತ್ತದೆ. ಫಿಲ್ಟರ್ ಸರಿಯಿದ್ದರೆ ಗಾಳಿಯನ್ನು ಒತ್ತಿ ಕಳಿಸುವ ಟರ್ಬೊದಿಂದ ಅದನ್ನು ತಂಪಾಗಿಸುವ ಇಂಟರ್‌ಕೂಲರಿಗೆ ಹೋಗುವ ದಪ್ಪ ಪೈಪನ್ನು ತಿರುಗಿಸಿ ಕೆಳಭಾಗ ನೋಡಿ. ಸೀಳು ಸಾಮಾನ್ಯವಾಗಿ ಅಲ್ಲೇ, ಕಣ್ಣಿಗೆ ಕಾಣದ ಕಡೆ ಇರುತ್ತದೆ, ಅಲ್ಲಿ ಆಯಿಲ್ ಜಿಡ್ಡು ಧೂಳಿನೊಂದಿಗೆ ಅಂಟಿರುತ್ತದೆ. ಆಮೇಲೆ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವಿನ ಮಸಿ. ನಾಝಲ್ ಕೊನೆಗೆ.

ಪ್ರಶ್ನೆ: ಹೈದರಾಬಾದಿನಲ್ಲಿ ಅಗ್ಗಕ್ಕೆ ಒಂದು ಡೀಸೆಲ್ ವ್ಯಾನ್ ಸಿಗುತ್ತಿದೆ. ಏನು ನೋಡಬೇಕು?
– ಬಸವಕಲ್ಯಾಣದ ಓದುಗರೊಬ್ಬರು

ಉತ್ತರ: ನೀವು ಹೋಗುವ ಮೊದಲು ಸ್ಟಾರ್ಟ್ ಮಾಡಬಾರದೆಂದು ಫೋನಿನಲ್ಲೇ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆಯನ್ನು ಮುಚ್ಚಿಡುತ್ತಿದ್ದಾರೆಂದು ತಿಳಿಯಿರಿ. ನಿಂತ ಗಾಡಿಯನ್ನು ಹ್ಯಾಂಡ್‌ಬ್ರೇಕ್ ಎಳೆದು ಮೂರನೆಯ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಡಿ. ಎಂಜಿನ್ ಬಂದ್ ಆಗಬೇಕು, ಆಗದೆ ಗುರುಗುಟ್ಟುತ್ತಿದ್ದರೆ ಕ್ಲಚ್ ಪ್ಲೇಟಿನ ಖರ್ಚನ್ನು ಬೆಲೆಯಿಂದ ಕಳೆಯಿರಿ. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಾಲಿನ್ಯದ ಮಾನದಂಡ) ಗಾಡಿಯಾದರೆ ಸೈಲೆನ್ಸರಿನ ಮಸಿ ಫಿಲ್ಟರನ್ನು ಯಾರಾದರೂ ಕಿತ್ತಿದ್ದಾರೆಯೇ ಎಂದು ಕೆಳಗೆ ಮಲಗಿ ನೋಡಿ, ಏಕೆಂದರೆ ಅದಿಲ್ಲದ ಗಾಡಿ ಕಾನೂನಿಗೂ ವಿರುದ್ಧ, ಫಿಟ್‌ನೆಸ್ ಪರೀಕ್ಷೆಗೂ ತೊಡಕು. ಬಾಡಿಗೆ ಗಾಡಿಗೆ ಎಂಟು ವರ್ಷವಾದ ಮೇಲೆ ಆ ಫಿಟ್‌ನೆಸ್ ಪ್ರಮಾಣಪತ್ರವನ್ನು ಪ್ರತಿವರ್ಷ ನವೀಕರಿಸಬೇಕು. ತೆಲಂಗಾಣದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಕರ್ನಾಟಕದ ರಸ್ತೆ ತೆರಿಗೆ ಎಷ್ಟಾಗುತ್ತದೆ ಎಂಬುದನ್ನು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ, ಅದನ್ನೂ ಕೂಡಿಸಿದ ಮೇಲೆ ಆ ಬೆಲೆ ಅಗ್ಗವೋ ಅಲ್ಲವೋ ನೋಡಿ.